ಚೌಬಾರದ ಹಿಂದಿನ ಓಣಿಯಲ್ಲಿ ಎರಡು ರಾತ್ರಿ

ಕಳೆದ ತಿಂಗಳು ಅವ್ವನನ್ನು ಕರೆದುಕೊಂಡು ಬೀದರಿಗೆ ಹೋಗಿ ಎರಡು ರಾತ್ರಿ ಉಳಿದಿದ್ದೆ. ಮನೆ ಮಾರಿದ ಮೇಲೆ ಹುಟ್ಟಿದೂರಿನಲ್ಲಿ ಬಾಡಿಗೆ ಕೋಣೆ ಹುಡುಕುವಾಗ ಕರುಳು ಚುರುಕ್ ಎನ್ನುತ್ತದೆ. ಕೋಣೆಯಾದರೂ ಈ ಊರಿನದೇ ಅನ್ನಿಸಬೇಕು ಎಂದು ಹಟ ಹಿಡಿದೆ. ಕೊನೆಗೆ ಆರಿಸಿದ್ದು ಹಳೆ ಊರಿನ ನಡುವಿನ ಗೋಪುರ ಚೌಬಾರದ ಹಿಂದಿನ ಓಣಿಯ ಹಳೆಯ ಮನೆಯೊಂದನ್ನು ದುರಸ್ತಿ ಮಾಡಿ ತೆರೆದಿರುವ ಎಂಟು ಕೋಣೆಗಳ ಹೋಟೆಲನ್ನು. ಬೆಳಗಿನ ಉಪಾಹಾರ ಸೇರಿ ದಿನಕ್ಕೆ 2,800 ರೂಪಾಯಿ.

ಅಪ್ಪ ಜಂಬಿಟ್ಟಿಗೆ ಕಲ್ಲು ಕಡಿದು ನಮ್ಮನ್ನು ಸಾಕಿದವರು. ಈ ಕೆಂಪು ಕಲ್ಲು ನೆಲದಿಂದ ಎತ್ತಿದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಷ್ಟೂ ಗಟ್ಟಿಯಾಗುತ್ತದೆ. ಬೀದರ ಕೋಟೆಯ ಮೂರು ಸಾಲಿನ ಕಂದಕವನ್ನು ಕೊರೆದಿರುವುದೂ ಇದೇ ಕಲ್ಲಿನಲ್ಲಿ. ಹಾಗಾಗಿ ಎಲ್ಲಿ ಹೋದರೂ ನನ್ನ ಕೈ ಮೊದಲು ಗೋಡೆಗೆ ಹೋಗುತ್ತದೆ. ಇಲ್ಲಿನ ಪಡಸಾಲೆಯಲ್ಲಿ ಕಲ್ಲಿಗೆ ಬಣ್ಣ ಬಳಿಯದೆ ಹಾಗೆಯೇ ಬಿಟ್ಟು, ಸಂದುಗಳಿಗೆ ಸುಣ್ಣದ ಗಾರೆ ತುಂಬಿದ್ದಾರೆ. ಸಿಮೆಂಟ್ ಮೆತ್ತಿದ್ದರೆ ತೇವ ಒಳಗೇ ಉಳಿದು ಕಲ್ಲು ಪುಡಿಯಾಗಿ ಉದುರುತ್ತಿತ್ತು. ಸುಣ್ಣದ ಕೆಲಸಕ್ಕೆ ಕಾಯುವ ತಾಳ್ಮೆ ಬೇಕು. ಮಾಡಿಸಿದವರಿಗೂ ಮಾಡಿದ ಗೌಂಡಿಗೂ ಮನಸ್ಸಿನಲ್ಲೇ ಕೈ ಮುಗಿದೆ.

ಅಷ್ಟು ತಿಳಿದವರು ಬಚ್ಚಲುಮನೆಯಲ್ಲಿ ಯಾಕೆ ಹೀಗೆ ಮಾಡಿದರೋ! ಅದೇ ಕಲ್ಲಿಗೆ ಹೊಳೆಯುವ ವಾರ್ನಿಷ್ ಹಚ್ಚಿದ್ದಾರೆ. ಫೋಟೊದಲ್ಲಿ ಚೆಂದ ಕಾಣುತ್ತದೆ. ಎದುರು ನಿಂತು ನೋಡಿದರೆ ಮೂಲೆಯಲ್ಲಿ ಗುಳ್ಳೆ ಎದ್ದಿದೆ, ಮುಗ್ಗಲು ವಾಸನೆ. ಮ್ಯಾನೇಜರನ್ನು ಕರೆದು ಗೋಡೆ ಮುಟ್ಟಿಸಿ ತೋರಿಸಿದೆ. ‘ಕೆರೆದು ತೆಗೆಸುತ್ತೇವೆ ಅಕ್ಕ’ ಎಂದರು. ನಮಗೆ ಕೊಟ್ಟಿದ್ದ ಮೇಲಿನ ಕೋಣೆಗೆ ಮೆಟ್ಟಿಲು ಬಹಳ ಕಡಿದು, ಲಿಫ್ಟ್ ಇಲ್ಲ. ಅವ್ವನ ಮೊಣಕಾಲು ನೋಡಿ, ಕೇಳುವ ಮೊದಲೇ ಒಳಂಗಳಕ್ಕೆ ತೆರೆಯುವ ಕೆಳಗಿನ ಕೋಣೆಗೆ ಬದಲಾಯಿಸಿದರು. ಅಲ್ಲಿ ಬಚ್ಚಲಿಗೆ ಸಾದಾ ಟೈಲ್ಸ್, ವಾಸನೆಯೂ ಇರಲಿಲ್ಲ.

ಕೀಲಿಕೈಗೆ ಕಟ್ಟಿದ್ದ ಬಿಲ್ಲೆಯನ್ನು ಅವ್ವ ಎರಡು ದಿನವೂ ಕೈಯಿಂದ ಬಿಡಲಿಲ್ಲ. ಅಪ್ಪಟ ಬಿದರಿ ಕೆಲಸ, ಕೋಣೆಯ ಸಂಖ್ಯೆಯನ್ನು ಬೆಳ್ಳಿ ತಂತಿಯಲ್ಲಿ ಕೂರಿಸಿದ್ದಾರೆ. ಸತು ತಾಮ್ರದ ಎರಕವನ್ನು ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಹಾಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕಪ್ಪು ಪೇಂಟ್ ಬಳಿದ ಅಗ್ಗದ ಅಲಂಕಾರ ಸಾಮಾನುಗಳ ನಡುವೆ ಇಂಥದ್ದನ್ನು ಕಂಡು ಹಿಗ್ಗಾಯಿತು. ಮಾಡಿದ ಕುಶಲಕರ್ಮಿಯ ಅಂಗಡಿ ಎಲ್ಲಿದೆ ಎಂದೂ ಹೇಳಿದರು. ಅದೇ ರಸ್ತೆಯಲ್ಲಿ, ನಾಲ್ಕು ಹೆಜ್ಜೆ.

ಜಾಗದ ಬಗ್ಗೆ ಎರಡು ಮಾತಿಲ್ಲ. ಬೆಳಿಗ್ಗೆ ಅವ್ವ ಮಲಗಿರುವಾಗಲೇ ಒಬ್ಬಳೇ ಮಹಮೂದ್ ಗಾವಾನ್ ಮದರಸಾವರೆಗೆ ನಡೆದು ಹೋದೆ. ಐದಾರು ನಿಮಿಷದ ದಾರಿ. 1472ರ ಕಟ್ಟಡ, 1696ರ ಸಿಡಿಮದ್ದಿನ ಸ್ಫೋಟದಲ್ಲಿ ದೊಡ್ಡ ಭಾಗ ಹಾರಿಹೋಯಿತು. ಅದರ ಮುಖ ಪೂರ್ವಕ್ಕಿರುವುದರಿಂದ ಉಳಿದಿರುವ ಮಿನಾರಿನ ನೀಲಿ ಹಸಿರು ಹೆಂಚುಗಳ ಮೇಲೆ ಮೊದಲ ಬಿಸಿಲು ಬೀಳುತ್ತದೆ. ಊರ ಹೊರಗಿನ ಹೋಟೆಲಿನಿಂದ ಆಟೊ ಹಿಡಿದು ಹತ್ತು ಗಂಟೆಗೆ ಬಂದಿದ್ದರೆ ಆ ಬೆಳಕು ಸಿಗುತ್ತಿರಲಿಲ್ಲ.

ಮೊದಲ ದಿನದ ಉಪಾಹಾರ ಬ್ರೆಡ್ ಮತ್ತು ಜಾಮ್. ಬೀದರಿನಲ್ಲಿ ಕುಳಿತು ಬ್ರೆಡ್ ತಿನ್ನಬೇಕೇ ಎಂದು ಬೇಸರವಾಯಿತು. ಅಡುಗೆಯಮ್ಮನನ್ನು ಕೇಳಿದರೆ, ‘ಬಂದವರು ಇದನ್ನೇ ಕೇಳುತ್ತಾರೆ ಅಂದುಕೊಂಡಿದ್ದೇವೆ’ ಎಂದರು. ಮರುದಿನ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಅವ್ವ ಮೂರು ರೊಟ್ಟಿ ತಿಂದಳು. ಹಿಂದಿನ ರಾತ್ರಿಯೇ ಹೇಳಿಟ್ಟರೆ ಯಾರಿಗಾದರೂ ಮಾಡಿಕೊಡುತ್ತಾರೆ.

ಕಾರು ಓಣಿಯೊಳಗೆ ಬರುವುದಿಲ್ಲ, ಚೌಬಾರದಿಂದ ಚೀಲ ಹೊತ್ತು ನಡೆಯಬೇಕು. ರಸ್ತೆಯ ಕಡೆಯ ಕೋಣೆಗಳಿಗೆ ನಸುಕಿನಲ್ಲೇ ಗಾಡಿಗಳ ಸದ್ದು ಬರುತ್ತದೆ. ಡಿಸೆಂಬರಿನಲ್ಲಿ ತಂಗಿಯ ಮನೆಯವರೂ ಬರುವವರಿದ್ದಾರೆ. ಒಳಂಗಳದ ಎರಡು ಕೋಣೆ ಹೇಳಿಟ್ಟು, ವಾರ್ನಿಷ್ ತೆಗೆಸಿದ್ದೀರಾ ಎಂದು ಫೋನಿನಲ್ಲೇ ಕೇಳಿದೆ. ಒಂದು ಬಚ್ಚಲುಮನೆ ಮುಗಿದಿದೆಯಂತೆ.