ಅಡಿಕೆ ಮಾರಿದ ಮೇಲೆ ಕೊಡ್ತೀನಿ ಅಂದರೆ ನಂಬಿ ಕೂರಬೇಡಿ: ಮಕ್ಕಳ ಜೀವನಾಂಶದ ಬಗ್ಗೆ ಒಂದು ಎಚ್ಚರಿಕೆ

ಗಂಡ ಹೆಂಡತಿ ಬೇರೆಯಾಗಿ, ಮಗು ತಾಯಿ ಹತ್ತಿರ ಇದ್ದು, ತಂದೆಯಿಂದ ಜೀವನಾಂಶ ಬರಬೇಕಾದವರು ಇದನ್ನು ಪೂರ್ತಿ ಓದಿ. ಅದರಲ್ಲೂ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟದ ಮನೆಗಳಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತಪ್ಪದೆ ಓದಿ. ಕೋರ್ಟಿನ ಆದೇಶ ಕೈಯಲ್ಲಿದ್ದರೂ ನನ್ನ ಮಗಳಿಗೆ ಬರಬೇಕಾದ ಎಷ್ಟೋ ತಿಂಗಳ ಹಣ ಇನ್ನೂ ಬಂದಿಲ್ಲ. ಬಾಕಿ ವಸೂಲಿಗೆ ಒಂದು ವರ್ಷದ ಗಡುವು ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಆ ಕಡೆಯವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ನಾವು ಬೇರೆಯಾದಾಗ ಮೊದಲು ಕೂತಿದ್ದು ಎರಡೂ ಕಡೆಯ ಹಿರಿಯರು. ಕೋರ್ಟು ಕಚೇರಿ ಬೇಡ, ಮನೆಯ ಮಾತು ಮನೆಯಲ್ಲೇ ಇರಲಿ ಅಂದರು. ಮಳೆಗಾಲ ಮುಗಿಯಲಿ, ದೀಪಾವಳಿ ಕಳೆಯಲಿ, ಅಣ್ಣನ ಮಗಳ ಮದುವೆ ಆಗಲಿ ಅಂತ ಪಂಚಾಯ್ತಿ ಎಳೆಯುತ್ತಾ ಹೋಯಿತು. ಕೊನೆಗೆ ಛಾಪಾ ಕಾಗದದ ಮೇಲೆ ಒಂದು ಕರಾರು ಬರೆಸಿ ತಂದರು. ಮಗುವಿನ ಬಾಬ್ತು ಒಂದೇ ಸಲ ಇಷ್ಟು ಕೊಟ್ಟಿದೆ, ಮುಂದೆ ಯಾವ ತಕರಾರೂ ಇಲ್ಲ ಅಂತ ಅದರಲ್ಲಿತ್ತು. ನಾನು ಸಹಿ ಹಾಕಲಿಲ್ಲ. ಆದರೆ ಸಹಿ ಹಾಕಿದವರೂ ಎದೆಗುಂದಬೇಕಿಲ್ಲ. ಜೀವನಾಂಶ ಮಗುವಿನ ಹಕ್ಕು. ಅದನ್ನು ತಾಯಿ ಬರೆದುಕೊಟ್ಟು ಬಿಡೋಕೆ ಆಗುವುದಿಲ್ಲ. ಅಂಥ ಕಾಗದ ಇದ್ದರೂ ಕೋರ್ಟಿಗೆ ಹೋಗಬಹುದು.

ಪಂಚಾಯ್ತಿಯಲ್ಲಿ ನಿಜವಾಗಿ ಕಳೆದುಹೋಗುವುದು ತಿಂಗಳುಗಳು. ಕೋರ್ಟು ಜೀವನಾಂಶ ಕೊಡಿಸುವುದು ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಅರ್ಜಿಗೆ ಮುಂಚಿನ ತಿಂಗಳ ಹಾಲು, ಔಷಧ, ಶಾಲೆಯ ಫೀಸು ಎಲ್ಲ ತವರುಮನೆಯ ಲೆಕ್ಕಕ್ಕೇ ಹೋಯಿತು. ಮಾತುಕತೆ ನಡೆಯಲಿ, ಬೇಡ ಅನ್ನಲ್ಲ. ಅರ್ಜಿ ಹಾಕಿಟ್ಟು ಮಾತಾಡಿ. ರಾಜಿ ಆದರೆ ಅದನ್ನು ಕೋರ್ಟಿನ ಮುಂದೆಯೇ ಬರೆಸಬಹುದು.

ನಾನು ಅರ್ಜಿ ಹಾಕುವಾಗ ಅದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ ಅದೇ ವಿಷಯ 144ನೇ ಕಲಮಿನಲ್ಲಿದೆ. ಯಾವ ಧರ್ಮದವರಾದರೂ ಮಗುವಿಗಾಗಿ ಇದರಡಿ ಕೇಳಬಹುದು. ಗಂಡನ ಊರಿಗೇ ಹೋಗಬೇಕಿಲ್ಲ, ತಾಯಿ ಈಗ ಇರುವ ಕಡೆಯ ಕೋರ್ಟಲ್ಲೇ ಹಾಕಬಹುದು. ಕೇಸು ಮುಗಿಯುವ ತನಕ ಮಧ್ಯಂತರ ಜೀವನಾಂಶವನ್ನೂ ಕೇಳಿ. ನೋಟಿಸು ತಲುಪಿದ 60 ದಿನದೊಳಗೆ ಅದನ್ನು ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕು ಅಂತ ಕಾನೂನೇ ಹೇಳುತ್ತದೆ.

ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಬಗ್ಗೆ ಅಫಿಡವಿಟ್ ಕೊಡಬೇಕು. ನಮ್ಮ ಕಡೆ ಆಟ ನಡೆಯುವುದು ಇಲ್ಲೇ. ತೋಟದ ಪಹಣಿ ಅಪ್ಪನ ಹೆಸರಲ್ಲಿದೆ, ನಾನು ಮನೆಯಲ್ಲಿ ಸುಮ್ನೆ ಕೆಲಸ ಮಾಡಿಕೊಂಡಿದ್ದೀನಿ, ನನಗೆ ಅಂತ ಆದಾಯ ಇಲ್ಲ ಅಂತ ನನ್ನ ಗಂಡ ಬರೆದುಕೊಟ್ಟರು. ಒಟ್ಟು ಕುಟುಂಬದಲ್ಲಿ ಖಾತೆ ಹಿರಿಯರ ಹೆಸರಲ್ಲೇ ಇರುವುದು ಮಾಮೂಲಿ, ಹಾಗಾಗಿ ಕೇಳಿದವರಿಗೆ ಅದು ನಿಜ ಅನಿಸುತ್ತದೆ. ನನ್ನನ್ನು ಉಳಿಸಿದ್ದು ಮಗಳ ಹಳೆಯ ಸ್ಕೂಲ್ ಬ್ಯಾಗಿನಲ್ಲಿ ಮಡಚಿಕೊಂಡಿದ್ದ ಒಂದು ಮಂಡಿ ಪಟ್ಟಿ, ಅಂದರೆ ಅಡಿಕೆ ಮಾರಿದಾಗ ಮಂಡಿಯವರು ಕೊಡುವ ಲೆಕ್ಕದ ಚೀಟಿ. ತೆಳುವಾದ ಗುಲಾಬಿ ಕಾಗದ. ರಾಶಿ ಅಡಿಕೆ ಇಷ್ಟು ಮೂಟೆ, ಬೆಟ್ಟೆ ಅಡಿಕೆ ಇಷ್ಟು, ಹಮಾಲಿ ಕಳೆದು ಉಳಿದದ್ದು ಇಷ್ಟು. ಮೇಲ್ಗಡೆ ಅವರದೇ ಹೆಸರು. ಹಿಂದುಗಡೆ ಮಗಳು ಕ್ರೇಯಾನಿನಲ್ಲಿ ಮನೆ ಬರೆದಿದ್ದಳು. ಅದನ್ನು ನೋಡಿದ ಮೇಲೆ ವಕೀಲರ ಪ್ರಶ್ನೆಗಳೇ ಬದಲಾದವು. ಸರ್ವೆ ನಂಬರು ಗೊತ್ತಿದ್ದರೆ ಪಹಣಿಯನ್ನು ಸರ್ಕಾರದ ‘ಭೂಮಿ’ ವೆಬ್‌ಸೈಟಿನಲ್ಲಿ ನೀವೇ ತೆಗೆಯಬಹುದು. ಮಂಡಿ ಪಟ್ಟಿ, ಸೊಸೈಟಿ ಸಾಲದ ಚೀಟಿ, ಗಾಡಿಯ ಆರ್‌ಸಿ, ಏನು ಕಣ್ಣಿಗೆ ಬಿದ್ದರೂ ಫೋಟೋ ತೆಗೆದಿಡಿ.

ನೀನೂ ದುಡಿಯುತ್ತೀಯಲ್ಲ ಅನ್ನುವ ವಾದವೂ ಬಂತು. ತಾಯಿಗೆ ಸಂಬಳ ಇದ್ದರೆ ಖರ್ಚನ್ನು ಇಬ್ಬರ ಆದಾಯ ನೋಡಿ ಹಂಚುತ್ತಾರೆ, ಅಷ್ಟೇ. ತಂದೆಯ ಹೊಣೆ ಅದರಿಂದ ಹೋಗುವುದಿಲ್ಲ.

ಆದೇಶ ಆಯಿತು. ಶುರುವಿನಲ್ಲಿ ಹಣ ಸರಿಯಾಗಿ ಬಂತು. ಆಮೇಲೆ ನಿಂತಿತು. ಫೋನ್ ಮಾಡಿದರೆ ಈ ಸಲ ಅಡಿಕೆಗೆ ಕೊಳೆ ರೋಗ ಬಂದು ಫಸಲು ಉದುರಿತು ಅಂದರು. ಮುಂದೆ ಎಲೆಚುಕ್ಕಿ ರೋಗ ಅಂದರು. ಅದಾದ ಮೇಲೆ, ಕೊಯ್ಲು ಆಗಿದೆ, ರೇಟು ಏರಲಿ, ಮಾರಿದ ಮೇಲೆ ಹಿಂದಿನದ್ದೆಲ್ಲ ಒಟ್ಟಿಗೆ ಕೊಡ್ತೀನಿ ಅಂದರು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದು ನ್ಯಾಯವಾದ ಮಾತಾಗೇ ಕೇಳಿಸುತ್ತದೆ, ಅಲ್ವಾ? ಕಿರಾಣಿ ಅಂಗಡಿಯ ಲೆಕ್ಕ, ಸೊಸೈಟಿ ಸಾಲ, ಆಳಿನ ಮುಂಗಡ, ಎಲ್ಲವೂ ತೀರುವುದು ಅಡಿಕೆ ಮಾರಿದ ಮೇಲೆಯೇ. ಹಿರಿಯರೂ ಅದನ್ನೇ ಹೇಳಿದರು. ಕೊಳೆ ಬಂದದ್ದೂ ಸುಳ್ಳಲ್ಲ, ಊರಿಗೆಲ್ಲ ಬಂದಿತ್ತು.

ಆದರೆ ಕಾನೂನು ತಿಂಗಳ ಲೆಕ್ಕದಲ್ಲಿ ನಡೆಯುತ್ತದೆ. ಪ್ರತಿ ತಿಂಗಳ ಹಣಕ್ಕೂ ಬೇರೆ ಬೇರೆ ಗಡುವು. ಆ ಹಣ ಯಾವತ್ತು ಕೊಡಬೇಕಿತ್ತೋ ಅವತ್ತಿನಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕದಿದ್ದರೆ, ಆ ತಿಂಗಳ ಬಾಕಿಗೆ ಈ ಕಲಮಿನಡಿ ವಾರೆಂಟು ಸಿಗುವುದಿಲ್ಲ. ಹೋದ ವರ್ಷದ ಜೂನ್ ತಿಂಗಳದ್ದು ಈ ವರ್ಷದ ಜೂನಿಗೆ ಕೈ ತಪ್ಪುತ್ತದೆ, ಜುಲೈದು ಜುಲೈಗೆ. ಒಂದು ಕೊಯ್ಲಿಂದ ಇನ್ನೊಂದು ಕೊಯ್ಲಿಗೆ ಮುಂದೂಡಿದರೆ ಸಾಕು, ಗಡುವು ತಾನಾಗೇ ದಾಟುತ್ತದೆ. ಕೇಳಿದವರಿಗೆ ಮೋಸ ಅಂತಲೂ ಅನಿಸುವುದಿಲ್ಲ. ನಾನು ವಸೂಲಿಗೆ ಹೋದಾಗ ಅವರ ವಕೀಲರು ಎದ್ದು ನಿಂತು ಹೇಳಿದ ಮೊದಲ ಮಾತೇ ಇದು: ಹಿಂದಿನ ಒಂದು ವರ್ಷದ್ದು ಮಾತ್ರ ಕೇಳಬಹುದು ಸ್ವಾಮಿ.

ಹಳೆಯ ಬಾಕಿಯ ಹಕ್ಕೇ ಸತ್ತುಹೋಗುವುದಿಲ್ಲ. ಸಿವಿಲ್ ಕೋರ್ಟಿನ ತೀರ್ಪಿನ (ಡಿಕ್ರಿ) ಹಾಗೆ ಜಾರಿ ಮಾಡಿಸುವ ದಾರಿ ಇದೆ, ನಾನೀಗ ಅದರಲ್ಲಿದ್ದೀನಿ. ಆದರೆ ಅದು ಉದ್ದದ ದಾರಿ. ಮಗಳ ಫೀಸು ಅಲ್ಲಿವರೆಗೆ ಕಾಯುವುದಿಲ್ಲ.

ಗಡುವಿನೊಳಗೆ ಹೋದರೆ ಕೋರ್ಟಿನ ಕೈಯಲ್ಲಿ ಬಲ ಇದೆ. ದಂಡ ವಸೂಲಿ ಮಾಡುವ ರೀತಿಯಲ್ಲೇ ಬಾಕಿ ವಸೂಲಿಗೆ ವಾರೆಂಟು ಹೊರಡಿಸಬಹುದು. ಆಮೇಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಅಂತ ಕೆಲವರು ಹೆದರಿಸುತ್ತಾರೆ. ಅದು ಸುಳ್ಳು, ಬಾಕಿ ಬಾಕಿಯೇ.

ನನಗೆ ಜಾಸ್ತಿ ನೋವು ಕೊಟ್ಟ ಮಾತು ಇನ್ನೊಂದಿದೆ. ಮಗುವನ್ನು ಕಳಿಸು, ದುಡ್ಡು ಕಳಿಸ್ತೀನಿ. ಮಗಳು ಅಪ್ಪನನ್ನು ನೋಡಬೇಕು ಅನ್ನುವುದಕ್ಕೆ ನನ್ನ ಅಡ್ಡಿ ಯಾವತ್ತೂ ಇರಲಿಲ್ಲ. ಆದರೆ ಭೇಟಿಯ ವಿಷಯ ಬೇರೆ, ಜೀವನಾಂಶ ಬೇರೆ. ಒಂದನ್ನು ಹಿಡಿದುಕೊಂಡು ಇನ್ನೊಂದನ್ನು ನಿಲ್ಲಿಸುವ ಹಾಗಿಲ್ಲ. ಇದು ತಾಯಂದಿರಿಗೂ ಅನ್ವಯ. ಹಣ ಬಂದಿಲ್ಲ ಅಂತ ಮಗುವನ್ನು ತೋರಿಸದೆ ಇರಬೇಡಿ. ಭೇಟಿಗೆ ಕೋರ್ಟಿನ ಆದೇಶ ಇದ್ದರೆ ಅದು ನಿಮ್ಮ ಮೇಲೆಯೇ ತಿರುಗುತ್ತದೆ. ಮಗುವಿಗೂ ಅನ್ಯಾಯ.

ಹಬ್ಬಕ್ಕೆ ಬಟ್ಟೆ ತಂದುಕೊಟ್ಟೆ, ಸೈಕಲ್ ಕೊಡಿಸಿದೆ ಅನ್ನುವುದನ್ನೂ ಬಾಕಿಗೆ ಜಮಾ ಮಾಡೋಕೆ ನೋಡುತ್ತಾರೆ. ಹಣ ಬ್ಯಾಂಕ್ ಖಾತೆಗೇ ಬರಬೇಕು ಅಂತ ಆದೇಶದಲ್ಲೇ ಬರೆಸಿಕೊಳ್ಳಿ. ಖಾಲಿ ಹಾಳೆಗೆ, ಇನ್ನೊಬ್ಬರು ಬರೆದು ತಂದ ರಸೀದಿಗೆ ಸಹಿ ಹಾಕಬೇಡಿ.

ಮಗು ದೊಡ್ಡದಾಗಿ ಖರ್ಚು ಏರಿದರೆ ಮೊತ್ತ ಹೆಚ್ಚಿಸಿ ಅಂತ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮಿನಡಿ ಕೇಳಬಹುದು. ಹಿಂದೂ ಕುಟುಂಬದ ಹೆಣ್ಣುಮಗಳಾದರೆ 18 ತುಂಬಿದ ಮೇಲೂ, ಮದುವೆ ಆಗುವ ತನಕ, ತನ್ನ ಖರ್ಚು ತಾನೇ ನೋಡಿಕೊಳ್ಳಲು ಆಗದಿದ್ದರೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಹಕ್ಕಿದೆ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಯಾರೂ ಮನೆಯಲ್ಲಿ ಕೂರಬೇಡಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಬಾಕಿ ಹತ್ತು ಹನ್ನೊಂದು ತಿಂಗಳಿಗೆ ಬಂದು ನಿಂತಿದ್ದರೆ ಈ ವಾರವೇ ಹೊರಡಿ. ಆದೇಶದ ಪ್ರತಿ ಮತ್ತು ಎಂಟ್ರಿ ಹಾಕಿಸಿದ ಪಾಸ್‌ಬುಕ್ ಜೊತೆಗಿರಲಿ. ಯಾವ ತಿಂಗಳು ಹಣ ಬಂತು, ಯಾವ ತಿಂಗಳು ಬರಲಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ವಕೀಲರು ಮೊದಲು ಕೇಳುವುದೇ ಅದನ್ನು.