ಕೋಕೋ ಬೀಟೇನ್: ಮಾಲು ಚೆನ್ನ, ಲೇಬಲ್ ನೋಡಿ ಕೊಳ್ಳಿ

ಮನೆಯಲ್ಲೇ ಹ್ಯಾಂಡ್‌ವಾಶ್ ಮಾಡಿ ಮಾರುವವರಿಗೆ ಮೈಸೂರಿನ ಕೆಮಿಕಲ್ ಅಂಗಡಿಯವರು ಎಸ್‌ಎಲ್‌ಇಎಸ್ (ಸೋಡಿಯಂ ಲಾರೆತ್ ಸಲ್ಫೇಟ್, ಕೊಳೆ ತೆಗೆಯುವ ಮುಖ್ಯ ನೊರೆ ಪದಾರ್ಥ) ಪೇಸ್ಟ್ ಜೊತೆ ‘ಫೋಮ್ ಬೂಸ್ಟರ್’ ಅಂತ ಕೊಡುವ ತಿಳಿ ಹಳದಿ ದ್ರವವೇ ಸಿಎಪಿಬಿ, ಅಂದರೆ ಕೋಕಮಿಡೋಪ್ರೊಪೈಲ್ ಬೀಟೇನ್. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಿಂದ ಮಾಡಿದ್ದು. ಒಂದೇ ಅಣುವಿನಲ್ಲಿ ನೈಟ್ರೋಜನ್ ಮೇಲೆ ಧನ ಆವೇಶ, ಕಾರ್ಬಾಕ್ಸಿಲೇಟ್ ತುದಿಯಲ್ಲಿ ಋಣ ಆವೇಶ. ಗ್ಲೈಸಿನ್ ಎಂಬ ಅಮೈನೋ ಆಮ್ಲ ಕೂಡ ಇಂಥದ್ದೇ, ಆದರೆ ಕ್ಷಾರ ಬಿದ್ದರೆ ಅದು ಪ್ರೋಟಾನ್ ಬಿಟ್ಟುಕೊಟ್ಟು ಧನ ಆವೇಶ ಕಳೆದುಕೊಳ್ಳುತ್ತದೆ. ಬೀಟೇನ್‌ನ ನೈಟ್ರೋಜನ್‌ಗೆ ನಾಲ್ಕೂ ಕಡೆ ಕಾರ್ಬನ್. ಬಿಟ್ಟುಕೊಡಲು ಏನೂ ಇಲ್ಲ.

ಲಾಭ ಇರುವುದು ಇಲ್ಲೇ. ಎಸ್‌ಎಲ್‌ಇಎಸ್ ಅಣುಗಳ ತಲೆಗಳೆಲ್ಲ (ನೀರಿನ ಕಡೆಯ ತುದಿ) ಋಣ, ಒಂದನ್ನೊಂದು ದೂಡುತ್ತವೆ. ನಡುವೆ ಬೀಟೇನ್ ಸೇರಿದರೆ ದೂಡಾಟ ತಗ್ಗಿ ಅಣುಗಳು ಒತ್ತಾಗಿ ಕೂರುತ್ತವೆ. ನೊರೆ ಸಣ್ಣದಾಗಿ ಹೆಚ್ಚು ಹೊತ್ತು ನಿಲ್ಲುತ್ತದೆ, ಕಡಿಮೆ ಉಪ್ಪಿಗೇ ಲಿಕ್ವಿಡ್ ಗಟ್ಟಿಯಾಗುತ್ತದೆ, ಕೈ ಅಷ್ಟು ಬಿರುಸಾಗುವುದಿಲ್ಲ. ನಲ್ಲಿಗೆ ಬಿಳಿ ಪೊರೆ ಕಟ್ಟಿಸುವ ಬೋರ್‌ವೆಲ್ ನೀರಿನಲ್ಲೂ ನೊರೆ ಸಾಯುವುದಿಲ್ಲ. ಮಂಡ್ಯದ ಕಡೆಯವರಿಗೆ ಇದೊಂದಕ್ಕೇ ಕೊಳ್ಳಬಹುದು.

ಒಂದು ಕಿಲೋ ಹ್ಯಾಂಡ್‌ವಾಶ್‌ಗೆ: 70% ಪೇಸ್ಟ್ 120 ಗ್ರಾಂ, ಬೀಟೇನ್ 50 ಗ್ರಾಂ, ಉಪ್ಪು 10ರಿಂದ 15 ಗ್ರಾಂ, ಡಬ್ಬಿಯ ಮೇಲೆ ಬರೆದಷ್ಟು ಪ್ರಿಸರ್ವೇಟಿವ್, ಉಳಿದದ್ದು ನೀರು. ನೀರಿಗೆ ಪೇಸ್ಟ್ ಹಾಕಿ. ಪೇಸ್ಟ್ ಮೇಲೆ ನೀರು ಸುರಿದರೆ ಜೆಲ್ಲಿಯಂಥ ಗಂಟುಗಳಾಗಿ ಗಂಟೆಗಟ್ಟಲೆ ಕರಗುವುದಿಲ್ಲ. ನಿಧಾನಕ್ಕೆ ತಿರುವಿ ರಾತ್ರಿ ಬಿಡಿ. ಬೆಳಿಗ್ಗೆ ಬೀಟೇನ್ ಸೇರಿಸಿ, ಸಿಟ್ರಿಕ್ ಆಮ್ಲದಿಂದ ಪಿಎಚ್ 5.5ರಿಂದ 6ಕ್ಕೆ ತಂದು, ಪ್ರಿಸರ್ವೇಟಿವ್ ಹಾಕಿ, ಕೊನೆಗೆ ಉಪ್ಪನ್ನು ನೀರಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ. ಗಟ್ಟಿಯಾದ ತಕ್ಷಣ ನಿಲ್ಲಿಸಿ. ಇನ್ನೂ ಗಟ್ಟಿಯಾಗಲಿ ಅಂತ ಮತ್ತೊಂದು ಚಮಚ ಹಾಕಿದರೆ ನೀರಾಗಿ ಮಬ್ಬಾಗುತ್ತದೆ. ಬೀಟೇನ್ ತಾನೇ ಸುಮಾರು 5% ಉಪ್ಪು ಹೊತ್ತು ತರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಸ್‌ಎಲ್‌ಇಎಸ್ ಬದಲು ಆಸಿಡ್ ಸ್ಲರಿ (ಡಿಟರ್ಜೆಂಟ್ ಮಾಡಲು ಬಳಸುವ ಕಡು ಹುಳಿ ದ್ರವ) ಬಳಸುವವರು ಮೊದಲು ಕಾಸ್ಟಿಕ್ ಸೋಡಾ ಹಾಕಿ ಅದರ ಹುಳಿ ಪೂರ್ತಿ ತೆಗೆದ ಮೇಲೆಯೇ ಬೀಟೇನ್ ಸೇರಿಸಬೇಕು. ಕಡು ಆಮ್ಲದಲ್ಲಿ ಋಣ ತುದಿ ಹೈಡ್ರೋಜನ್ ಹಿಡಿದುಕೊಂಡು ಧನ ಆವೇಶವೊಂದೇ ಉಳಿಯುತ್ತದೆ, ಅದು ಸ್ಲರಿಗೆ ಅಂಟಿ ಕೆಲಸ ಕೆಡುತ್ತದೆ.

ದೂರು ಇರುವುದು ಮಾಲಿನ ಬಗ್ಗೆ ಅಲ್ಲ, ಬಿಡಿಯಾಗಿ ತುಂಬಿಕೊಡುವ ರೀತಿಯ ಬಗ್ಗೆ. ಬ್ಯಾಚ್ ನಂಬರ್ ಇಲ್ಲ, ಸಾಂದ್ರತೆ ಇಲ್ಲ, ತಾರೀಖು ಮೊದಲೇ ಇಲ್ಲ. ‘30%’ ಅಂತ ಬಾಯಲ್ಲಿ ಹೇಳಿದರೆ ಸಾಲದು. 10 ಗ್ರಾಂ ತೂಗಿ 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 30% ಬೀಟೇನ್, 5% ಉಪ್ಪು ಸೇರಿ ಮೂರೂವರೆ ಗ್ರಾಂ ಹತ್ತಿರ ಉಳಿಯಬೇಕು. ಎರಡೂವರೆಗೆ ಇಳಿದರೆ ನೀರು ಬೆರೆತಿದೆ. (ಉಪ್ಪು ಬೆರೆಸುವ ಜಾಣರನ್ನು ಈ ಪರೀಕ್ಷೆ ಹಿಡಿಯದು.)

ಅಗ್ಗದ ಮಾಲಿನಲ್ಲಿ ಅಮಿಡೋಅಮೀನ್ (ಬೀಟೇನ್ ಆಗದೆ ಉಳಿದ ನಡುಹಂತದ ಪದಾರ್ಥ) ಉಳಿಕೆ ಹೆಚ್ಚಿದ್ದರೆ ಕೆಲವರಿಗೆ ಚರ್ಮ ಕೆಂಪಾಗಿ ನವೆಯಾಗುತ್ತದೆ. ಮಾರುವವರು ತಯಾರಕರ ವಿಶ್ಲೇಷಣಾ ಪತ್ರ ಕೇಳಿ ಪಡೆಯಲೇಬೇಕು. ಕೊಡದ ಅಂಗಡಿ ಬೇಡ. ನೆಲ ಒರೆಸುವ ಫಿನಾಯಿಲ್‌ಗೆ ಇದನ್ನು ಹಾಕಿ ದುಡ್ಡು ಕಳೆಯಬೇಡಿ, ಅಲ್ಲಿ ನೊರೆ ಎದ್ದರೆ ಮತ್ತೆರಡು ಸಲ ಒರೆಸಬೇಕು ಅಷ್ಟೆ.