ಗಾಳಿ ಮಳೆ ಆದ ಮರುದಿನ ಬಾಗಿಲಿಗೆ ಬರುವ ತಗಡಿನವನನ್ನು ನಂಬಬೇಡಿ

ಸಿಂಧನೂರು, ಮಾನ್ವಿ, ಕಾರಟಗಿ ಕಡೆಯವರು ದಯವಿಟ್ಟು ಪೂರ್ತಿ ಓದಿ. ಗಾಳಿಗೆ ತಗಡು ಹಾರಿಹೋದ ಮನೆಗಳನ್ನು ಹುಡುಕಿಕೊಂಡು ಒಬ್ಬ ತಿರುಗುತ್ತಿದ್ದಾನೆ. ಹೊಸ ಶೀಟೂ ಹಾಕುತ್ತೇನೆ, ಸರ್ಕಾರದ ಪರಿಹಾರವನ್ನೂ ಮಾಡಿಸಿಕೊಡುತ್ತೇನೆ ಅನ್ನುತ್ತಾನೆ. ನಮಗೆ ಮೋಸ ಮಾಡಿದ್ದಾನೆ. ಬರೆಯೋಕೆ ನಾಚಿಕೆ ಆಗುತ್ತೆ. ಆದರೆ ನಾನು ಸುಮ್ನೆ ಕೂತರೆ ಅವನು ಇನ್ನೊಬ್ಬರ ಮನೆಗೆ ಹೋಗುತ್ತಾನೆ.

ಮೇ ತಿಂಗಳ ಸಂಜೆ ನಮ್ಮ ಕಡೆ ಗಾಳಿ ಹೇಗೆ ಎದ್ದುಬರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಹಗಲೆಲ್ಲ ಬಿಸಿಲು, ಸಂಜೆ ಧೂಳು, ಹಿಂದೆಯೇ ಆಲಿಕಲ್ಲು. ಅಡುಗೆಮನೆ ಮತ್ತು ಹಿಂದಿನ ಕೋಣೆಯ ಶೀಟುಗಳು ಕಿತ್ತು ಗದ್ದೆಯಲ್ಲಿ ಬಿದ್ದವು. ಜೋಳದ ಚೀಲ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲಾ ತೊಯ್ದವು. ಕರೆಂಟ್ ಕಂಬ ಬಿದ್ದು ಊರೆಲ್ಲ ಕತ್ತಲು.

ಬೆಳಗಾಗುತ್ತಲೇ ಅವನು ಚಿಕ್ಕ ಗಾಡಿ ತಗೊಂಡು ಬಂದ. ನಾವು ಕರೆದಿರಲಿಲ್ಲ. ಮನೆ ಸುತ್ತ ಫೋಟೊ ತೆಗೆದ. "ಅಕ್ಕಾರ, ಚಿಂತಿ ಮಾಡಬ್ಯಾಡ್ರಿ. 50 ಸಾವಿರ ಪರಿಹಾರ ಬರ್ತೈತಿ. ಆಫೀಸಿನ್ಯಾಗ ನಮ್ಮವರ ಅದಾರ. ಫೈಲ್ ಖರ್ಚಿಗೆ 3 ಸಾವಿರ ಕೊಡ್ರಿ ಸಾಕು" ಅಂದ. ಹಿಂದೆ ಪ್ರವಾಹದಲ್ಲಿ ಮನೆ ಬಿದ್ದವರಿಗೆ ದೊಡ್ಡ ಮೊತ್ತ ಬಂದಿದ್ದು ನಾವೂ ಕೇಳಿದ್ದೆವು. ಆಧಾರ್, ಪಾಸ್‌ಬುಕ್ ಜೆರಾಕ್ಸ್ ತಗೊಂಡ. ಶೀಟಿಗೆ ಅಂತ 20 ಸಾವಿರ ಅಡ್ವಾನ್ಸ್ ಬೇರೆ.

ಆಮೇಲೆ ಹಳೇ ತಗಡುಗಳನ್ನೆಲ್ಲ ಗಾಡಿಗೆ ಹೇರತೊಡಗಿದ. ಯಾಕಪ್ಪಾ ಅಂದರೆ, "ಇವು ಇಲ್ಲೇ ಇದ್ರ ಸಾಹೇಬ್ರು ಬಂದು, ಇವನ್ನ ತಿರುಗಿ ಹಾಕ್ಕೋರಿ ಅಂತಾರ್ರಿ. ಪರಿಹಾರ ಕಡಿಮಿ ಆಗ್ತೈತಿ" ಅಂದ. ಎಷ್ಟು ಮೆತ್ತಗೆ ಹೇಳಿದ ಅಂತೀರಿ! ನಮ್ಮತ್ತೆ ಅವನಿಗೆ ಚಹಾ ಮಾಡಿ ಕೊಟ್ಟರು.

ಹೊಸ ಶೀಟು ಹಾಕಿ ಹೋದ. ಪರಿಹಾರದ ದುಡ್ಡು ಬರಲಿಲ್ಲ. ಕೇಳೋಣ ಅಂತ ನಾಡಕಚೇರಿಗೆ ಹೋದೆ. ಗ್ರಾಮ ಲೆಕ್ಕಿಗರು ಪಟ್ಟಿ ನೋಡಿದರು. "ನಿಮ್ಮ ಹೆಸರಿನ ಅರ್ಜಿನೇ ಇಲ್ಲಮ್ಮ. ಹಾನಿ ಆಗಿದ್ದು ಎಲ್ಲಿ, ತೋರಿಸಿ" ಅಂದರು. ಏನು ತೋರಿಸಲಿ? ಮೇಲೆ ಹೊಸ ಶೀಟು ಕೂತಿತ್ತು. ಹಳೇದು ಗುಜರಿಗೆ ಹೋಗಿತ್ತು. ಫೋಟೊ ಎಲ್ಲಾ ಅವನ ಫೋನಿನಲ್ಲಿ. ಅವರೇ ವಿವರಿಸಿದರು. 2022ರಲ್ಲಿ ಬಂದ ವಿಪತ್ತು ಪರಿಹಾರದ ನಿಯಮದಲ್ಲಿ ಕನಿಷ್ಠ ಶೇ. 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಅದು ನೇರ ಬ್ಯಾಂಕ್ ಖಾತೆಗೆ ಬರುತ್ತದೆ, ಯಾರಿಗೂ ಒಂದು ಪೈಸೆ ಕೊಡಬೇಕಿಲ್ಲ. 50 ಸಾವಿರ ಎಲ್ಲಿ, 6,500 ಎಲ್ಲಿ! ಅದಕ್ಕೆ 3 ಸಾವಿರ ತಿಂದಿದ್ದಾನೆ! ಅಲ್ಲಿ ನಮ್ಮೂರಿನವರೂ ನಿಂತಿದ್ದರು. ತಲೆ ಎತ್ತಲು ಆಗಲಿಲ್ಲ.

ಆ ತಗಡಿನವನಿಗೆ ಫೋನ್ ಮಾಡಿದೆ. ಮೊದಲು, "ಫೈಲ್ ಮ್ಯಾಲಿನ ಆಫೀಸಿಗೆ ಹೋಗೈತ್ರಿ ಅಕ್ಕಾರ." ಆಮೇಲೆ, "ಸಾಹೇಬ್ರಿಗೆ ಟ್ರಾನ್ಸ್‌ಫರ್ ಆಗೈತಿ." ಕೊನೆಗೆ ಅಕ್ಕಾರ ಅನ್ನೋದೂ ಹೋಯ್ತು. "ನಾ ಶೀಟ್ ಹಾಕಾಂವ. ಪರಿಹಾರದ್ದು ನಂಗೇನ್ ಗೊತ್ತು? ರೊಕ್ಕ ಕೊಟ್ಟಿದ್ದಕ್ಕ ಚೀಟಿ ಐತೇನು?" ಚೀಟಿ ಐತೇನು ಅಂತೆ! ನಮ್ಮ ಮನೆಯ ಚಹಾ ಕುಡಿದವನು ಕೇಳುವ ಮಾತಾ ಇದು?

ಶೀಟಿನದ್ದೂ ಮೋಸವೇ. 0.50 ಎಂಎಂ ದಪ್ಪದ್ದು ಅಂತ ದುಡ್ಡು ತಗೊಂಡಿದ್ದ. ವೆಲ್ಡಿಂಗ್ ಅಂಗಡಿಯವರು ಅಳತೆ ಮಾಡಿದರೆ 0.35. ಸ್ಕ್ರೂಗಳಿಗೆ ರಬ್ಬರ್ ವಾಷರ್ ಕೂಡ ಇಲ್ಲ. ಮೊದಲ ಮಳೆಗೇ ಒಲೆ ಮೇಲೆ ಸೋರಿತು. ಅದನ್ನು ಹೇಳಿದರೆ, "ದೇವರ ಮಳಿಗೆ ನಾ ಏನ್ ಮಾಡ್ಲಿ?" ಅಂತಾನೆ.

ಹಾಗಾಗಿ ಕೇಳಿ. ಗಾಳಿ ನಿಂತ ಮೇಲೆ ಫೋಟೊ ನಿಮ್ಮ ಫೋನಿನಲ್ಲೇ ತೆಗೆಯಿರಿ. ಪಂಚನಾಮೆ ಆಗುವ ತನಕ ಒಡೆದ ತಗಡನ್ನು ಒಂದೂ ಹೊರಗೆ ಬಿಡಬೇಡಿ. ಗ್ರಾಮ ಲೆಕ್ಕಿಗರಿಗೆ ನೀವೇ ತಿಳಿಸಿ. ಅವರು ಸಿಗದಿದ್ದರೆ ಜಿಲ್ಲಾ ಕಂಟ್ರೋಲ್ ರೂಮ್ 1077ಕ್ಕೆ ಮಾಡಿ. ತಂತಿ ಹರಿದು ಬಿದ್ದಿದ್ದರೆ ಮುಟ್ಟಬೇಡಿ, 1912ಕ್ಕೆ ಹೇಳಿ. ಶೀಟು ಮೇಲೇರುವ ಮೊದಲೇ ಅಳತೆ ಮಾಡಿಸಿ. ನಗದು ಅಂತೂ ಕೊಡಲೇಬೇಡಿ.

ಪೊಲೀಸ್ ಠಾಣೆಗೆ ದೂರು ಕೊಟ್ಟಿದ್ದೇವೆ. ಅವನು ಈಗ ಲಿಂಗಸುಗೂರು ಕಡೆ ಓಡಾಡುತ್ತಿದ್ದಾನೆ ಅಂತ ಸುದ್ದಿ. ಆ ಕಡೆ ನಿಮ್ಮ ಬಂಧು ಬಳಗ ಇದ್ದರೆ ಇವತ್ತೇ ಹೇಳಿ.